ಗೋಕಾಕದ ನೀರಿಗೇಕೆ ಸುಣ್ಣ?

ನಮ್ಮ ಕಡೆ ಗೋಕಾಕದ ಜಲಪಾತದ ಚಿತ್ರವಿಲ್ಲದ ಮನೆ ಸಿಕ್ಕೀತು. ಆ ಚಿತ್ರವಿಲ್ಲದ ಮೊಬೈಲು ಸಿಗಲಾರದು. ಶ್ರಾವಣ ಬಂತೆಂದರೆ ಸಾಕು, ಮಹಾಲಿಂಗಪುರ, ರಬಕವಿ, ಮುಧೋಳ, ಜಮಖಂಡಿಗಳಿಂದ ಜನರು ಬಸ್ಸು, ಟೆಂಪೋ, ಮೋಟಾರ್ ಸೈಕಲ್ಲುಗಳ ಮೇಲೆ ಹೊರಡುತ್ತಾರೆ. ಧಬಧಬೆಯನ್ನು ನೋಡುತ್ತಾರೆ, ಸುಟ್ಟ ಗೋವಿನಜೋಳ ತಿನ್ನುತ್ತಾರೆ, ಕರದಂಟು ಕೊಳ್ಳುತ್ತಾರೆ, ಚಿತ್ರ ತೆಗೆಯುತ್ತಾರೆ. ಮೊದಲಿನ ಮೂರು ಕೆಲಸಗಳ ಬಗ್ಗೆ ನನ್ನ ಆಕ್ಷೇಪಣೆ ಏನೂ ಇಲ್ಲ. ಕರದಂಟಿನ ವಿಷಯದಲ್ಲಂತೂ ನಾನು ಯಾರಿಗೂ ಹಿಂದೆ ಬೀಳುವವನಲ್ಲ. ನಾಲ್ಕನೆಯದನ್ನು ಕುರಿತು ಎರಡು ಮಾತು ಹೇಳಬೇಕಾಗಿದೆ. ಹೀಗೆ ತೆಗೆದ ಚಿತ್ರಗಳಲ್ಲಿ ಎಲ್ಲವೂ ಇರುತ್ತದೆ, ಗೋಕಾಕದ ನೀರು ಮಾತ್ರ ಇರುವುದಿಲ್ಲ ಎಂಬುದು ನನ್ನ ತಕರಾರು.

ನಾನು ಸಮೀರವಾಡಿಯವನು. ಸಕ್ಕರೆ ಕಾರ್ಖಾನೆಯ ಊರು. ಕಬ್ಬು ನುರಿಸುವ ಕಾಲದಲ್ಲಿ ಗಾಳಿಯಲ್ಲಿಯೇ ಕಾಕಂಬಿಯ ವಾಸನೆ. ಅಲ್ಲಿ ಹುಟ್ಟಿ ಬೆಳೆದವರಿಗೆ ಘಟಪ್ರಭೆಯೆಂದರೆ ಭೂಗೋಳದ ಪುಸ್ತಕದೊಳಗಿನ ನೀಲಿ ಗೆರೆಯಲ್ಲ. ಕಾಲುವೆಗೆ ನೀರು ಬಂತೇ, ಬರಲಿಲ್ಲವೇ, ಹೊಳೆ ಏರಿತೇ, ಇಳಿಯಿತೇ ಎಂಬ ಮಾತು ಚಹಾದ ಅಂಗಡಿಯಲ್ಲಿ ದಿನವೂ ನಡೆಯುತ್ತದೆ. ಆ ಹೊಳೆ ತನ್ನ ಶಕ್ತಿಯನ್ನೆಲ್ಲ ಒಮ್ಮೆಗೆ ತೋರಿಸುವ ಸ್ಥಳ ಗೋಕಾಕದ ಜಲಪಾತ. ಆದ್ದರಿಂದ ಅದರ ಚಿತ್ರವನ್ನು ಹೇಗೆ ತೆಗೆಯಬೇಕೆಂಬ ಪ್ರಶ್ನೆ ನನಗೆ ಬರಿಯ ಹವ್ಯಾಸದ ಪ್ರಶ್ನೆಯಾಗಿ ಕಾಣುವುದಿಲ್ಲ.

ರೂಢಿಯ ಚಿತ್ರ ಹೇಗಿರುತ್ತದೆಂಬುದು ವಾಚಕರಿಗೆ ಗೊತ್ತೇ ಇದೆ. ಕುದುರೆಯ ಲಾಳದ ಆಕಾರದ ಬಂಡೆಯ ಅಂಚು ಪೂರ್ತಿಯಾಗಿ ಬರಬೇಕು. ಮೇಲೆ ತೂಗುಸೇತುವೆ ಬರಬೇಕು. ಪಕ್ಕದಲ್ಲಿ ಗಿರಣಿಯ ಕಟ್ಟಡ ಬರಬೇಕು. ಮುಂದೆ ಕಪ್ಪು ಕನ್ನಡಕ ಹಾಕಿದ ಸೋದರಳಿಯನೂ ಬರಬೇಕು. ಇಷ್ಟೆಲ್ಲ ಬಂದ ಮೇಲೆ ನೀರಿಗೆ ಉಳಿಯುವ ಜಾಗ ಅಂಗೈಯಷ್ಟು. ೧೭೧ ಅಡಿ, ಎಂದರೆ ೫೨ ಮೀಟರು ಎತ್ತರದಿಂದ ಬೀಳುವ ನೀರು ಆ ಚಿತ್ರದಲ್ಲಿ ಗೋಡೆಗೆ ನೇತುಹಾಕಿದ ಟವೆಲಿನಂತೆ ಕಾಣುತ್ತದೆ. ಸ್ಥಳದಲ್ಲಿ ನಿಂತಾಗ ಎದೆಯಲ್ಲಿ ಆಗುವ ನಡುಕ, ಕಿವಿ ತುಂಬುವ ಸದ್ದು, ಮುಖದ ಮೇಲೆ ಕೂಡ್ರುವ ತುಂತುರು, ಇವುಗಳಲ್ಲಿ ಒಂದೂ ಅದರಲ್ಲಿ ಇಲ್ಲ. ಸದ್ದನ್ನು ಚಿತ್ರದಲ್ಲಿ ಹಿಡಿಯಲಾಗದು, ನಿಜ. ಆದರೆ ನೀರಿನ ಭಾರವನ್ನು ಹಿಡಿಯಬಹುದು. ಅದಕ್ಕೆ ಹತ್ತಿರ ಹೋಗಬೇಕು.

ಹತ್ತಿರ ಎಂದೊಡನೆ ನಮ್ಮ ಮಿತ್ರರು ಬಂಡೆಯ ಅಂಚಿಗೆ ಹೋಗಿ ನಿಲ್ಲುತ್ತಾರೆ. ನಾನು ಹೇಳುವ ಹತ್ತಿರ ಅದಲ್ಲ. ಪಾಚಿ ಕಟ್ಟಿದ ಒದ್ದೆ ಕಲ್ಲಿನ ಮೇಲೆ ಚಪ್ಪಲಿಗೂ ಬೂಟಿಗೂ ಭೇದವಿಲ್ಲ, ಎರಡೂ ಜಾರುತ್ತವೆ. ಸೆಲ್ಫಿ ತೆಗೆಯಲು ಹೋಗಿ ಕೆಳಗೆ ಬಿದ್ದವರ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದಿದ್ದೇವೆ. ಅಂಚಿನ ಮೇಲೆ ನಿಂತವನಿಗೆ ಜಲಪಾತ ಕಾಣುವುದೂ ಇಲ್ಲ. ಅದು ಅವನ ಬೆನ್ನ ಹಿಂದೆ ಇರುತ್ತದೆ! ಚಿತ್ರಗಾರನ ಹತ್ತಿರವೆಂದರೆ ಬಿಡುವುದನ್ನು ಬಿಡುವುದು. ಸೇತುವೆಯನ್ನು ಬಿಡು, ಗಿರಣಿಯನ್ನು ಬಿಡು, ಆಕಾಶವನ್ನು ಬಿಡು, ಸೋದರಳಿಯನನ್ನು ಕರದಂಟಿನ ಅಂಗಡಿಗೆ ಕಳಿಸು. ಜನರು ನಿಂತು ನೋಡುವ ಭದ್ರವಾದ ಜಾಗದಲ್ಲಿಯೇ ನಿಂತು, ದೂರದ್ದನ್ನು ಹತ್ತಿರಕ್ಕೆ ತರುವ ಮಸೂರದಿಂದ, ಅದಿಲ್ಲದಿದ್ದರೆ ಮೊಬೈಲಿನ ಎರಡು ಪಟ್ಟು ಮೂರು ಪಟ್ಟಿನ ಕಣ್ಣಿನಿಂದ, ಜಲಪಾತದ ಒಂದೇ ಒಂದು ಭಾಗವನ್ನು ಚೌಕಟ್ಟಿನ ತುಂಬ ತುಂಬಿಸು. ಕಾಲು ಒಂದು ಹೆಜ್ಜೆಯೂ ಮುಂದೆ ಹೋಗಬೇಕಿಲ್ಲ.

ಯಾವ ಭಾಗ? ನನ್ನ ಮಟ್ಟಿಗೆ ಹೇಳುವುದಾದರೆ, ನೀರು ಬೀಳುವ ಜಾಗವಲ್ಲ, ನೀರು ಬಾಗುವ ಜಾಗ. ಹೊಳೆ ಬಂಡೆಯ ಮೇಲೆ ಹರಿದು ಬಂದು ಅಂಚಿನಲ್ಲಿ ಒಂದು ಕ್ಷಣ ನುಣ್ಣಗಾಗುತ್ತದೆ, ಎಣ್ಣೆಯಂತೆ. ಆಮೇಲೆ ಬಾಗುತ್ತದೆ. ಬಾಗಿದ ಒಂದೆರಡು ಮೊಳದೊಳಗೆ ಹರಿಯುತ್ತದೆ; ಹಾಳೆ ಹರಿದಂತೆ ಹರಿಯುತ್ತದೆ ಎಂದು ನನ್ನ ಅರ್ಥ. ಆ ನುಣುಪು, ಆ ಬಾಗು, ಆ ಹರಕು ಮೂರೂ ಒಂದೇ ಚೌಕಟ್ಟಿನಲ್ಲಿ ಬಂದರೆ ನೋಡುವವನಿಗೆ ಮುಂದೇನಾಗುವುದೆಂದು ಬೇರೆ ಹೇಳಬೇಕಾಗಿಲ್ಲ. ನಾಟಕದಲ್ಲಿ ಪಾತ್ರ ಸತ್ತು ಬಿದ್ದಿರುವ ದೃಶ್ಯಕ್ಕಿಂತ ಕತ್ತಿ ಎತ್ತಿದ ದೃಶ್ಯವೇ ಹೆಚ್ಚು ಹಿಡಿದು ನಿಲ್ಲಿಸುತ್ತದಲ್ಲವೇ?

ಅಂಚಿನ ಕಲ್ಲನ್ನೂ ಒಂದು ತುಂಡು ಸೇರಿಸಿಕೊಳ್ಳಬೇಕು. ಅದು ಸಾಮಾನ್ಯ ಕಲ್ಲಲ್ಲ. ೧೮೭೬ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಈ ಸೀಮೆಯ ಶಿಲಾಸ್ತರಗಳನ್ನು ವರ್ಣಿಸಿ, ನಮ್ಮ ಬಾಗಲಕೋಟೆ ಜಿಲ್ಲೆಯ ಕಲಾದಗಿಯ ಹೆಸರನ್ನೇ ಅವುಗಳಿಗೆ ಕೊಟ್ಟ. ಕೋಟ್ಯಂತರ ವರ್ಷಗಳ ಹಿಂದೆ ನೀರಿನಡಿಯಲ್ಲಿ ಕೂತ ಮರಳು ಗಟ್ಟಿಯಾಗಿ ಆದ ಕಲ್ಲು ಅದು. ಇಂದಿನ ನೀರು ಅಂದಿನ ಮರಳನ್ನು ಕೊರೆಯುತ್ತಿದೆ. ಕಲ್ಲಿನ ಪದರುಗಳು ಅಡ್ಡಗೆರೆಗಳಾಗಿ, ನೀರಿನ ಎಳೆಗಳು ಉದ್ದಗೆರೆಗಳಾಗಿ ಚಿತ್ರದಲ್ಲಿ ಕೂಡಿದರೆ, ಕೈಮಗ್ಗದ ಊರಾದ ರಬಕವಿ-ಬನಹಟ್ಟಿಯವರಿಗೆ ಹಾಸು ಹೊಕ್ಕು ಎಂದರೆ ಸಾಕು, ಮತ್ತೆ ವಿವರಿಸಬೇಕಾಗಿಲ್ಲ.

ಇನ್ನು ಸುಣ್ಣದ ಮಾತಿಗೆ ಬರುತ್ತೇನೆ. ಜಲಪಾತದ ಚಿತ್ರವೆಂದರೆ ನೀರು ರೇಶಿಮೆಯಂತೆ, ಹಾಲಿನಂತೆ, ಮಂಜಿನಂತೆ ಬೆಳ್ಳಗೆ ಕಾಣಬೇಕೆಂಬ ಒಂದು ನಂಬಿಕೆ ಎಲ್ಲೆಡೆ ಹಬ್ಬಿದೆ. ಕ್ಯಾಲೆಂಡರುಗಳಲ್ಲಿ ಅದೇ, ಹೋಟೆಲಿನ ಗೋಡೆಗಳಲ್ಲಿ ಅದೇ, ಮೊಬೈಲಿನಲ್ಲಿ ಬರುವ ಶುಭೋದಯದ ಸಂದೇಶಗಳಲ್ಲಂತೂ ಅದೇ. ಇದು ಎಲ್ಲಿಂದ ಬಂತು? ೧೮೬೧ರಲ್ಲಿ ಕಾರ್ಲ್‌ಟನ್ ವಾಟ್ಕಿನ್ಸ್ ಎಂಬವನು, ೧೮೭೨ರಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬವನು ಅಮೇರಿಕೆಯ ಯೊಸೆಮಿಟಿ ಕಣಿವೆಯ ಜಲಪಾತಗಳ ಚಿತ್ರಗಳನ್ನು ದೊಡ್ಡ ದೊಡ್ಡ ಗಾಜಿನ ಫಲಕಗಳ ಮೇಲೆ ತೆಗೆದರು. ಒದ್ದೆ ರಾಸಾಯನಿಕ ಹಚ್ಚಿದ ಆ ಫಲಕಗಳು ಬೆಳಕಿಗೆ ಬಲು ಮಂದ. ಮಸೂರದ ಬಾಯಿಯನ್ನು ಸೆಕೆಂಡುಗಟ್ಟಲೆ ತೆರೆದಿಡಬೇಕಾಗುತ್ತಿತ್ತು. ಅಷ್ಟರಲ್ಲಿ ನೀರು ಎಷ್ಟೋ ದೂರ ಹೋಗಿ, ಚಿತ್ರದಲ್ಲಿ ಬಿಳಿಯ ಹೊಗೆಯಾಗಿ ನಿಲ್ಲುತ್ತಿತ್ತು. ಅದು ಅವರ ಸಲಕರಣೆಯ ಕಟ್ಟು. ಅವರು ಆ ಕಟ್ಟಿನೊಳಗೇ ಉತ್ತಮ ಚಿತ್ರಗಳನ್ನು ಮಾಡಿದರು, ಆ ಮಾತು ಬೇರೆ. ಇಂದು ಸೆಕೆಂಡಿನ ಸಾವಿರದೊಂದು ಭಾಗದಲ್ಲಿ ಚಿತ್ರ ತೆಗೆಯಬಲ್ಲ ಯಂತ್ರ ನಮ್ಮ ಜೇಬಿನಲ್ಲಿದೆ. ಆದರೂ ಮಸೂರಕ್ಕೆ ಕಪ್ಪು ಗಾಜು ಹಾಕಿ, ಬೆಳಕನ್ನು ತಡೆದು, ಅದೇ ಹೊಗೆಯನ್ನು ದುಡ್ಡು ಕೊಟ್ಟು ತರಿಸಿಕೊಳ್ಳುತ್ತೇವೆ.

ಸ್ವಲ್ಪ ಲೆಕ್ಕ ಮಾಡೋಣ. ಕಲಾವಿಭಾಗದವರೆಂದು ಲೆಕ್ಕಕ್ಕೆ ಅಂಜಬಾರದು. ಗಾಳಿಯ ತಡೆಯನ್ನು ಬಿಟ್ಟು ಎಣಿಸಿದರೆ, ೫೨ ಮೀಟರು ಬೀಳಲು ನೀರಿಗೆ ಮೂರು ಸೆಕೆಂಡುಗಳಿಗಿಂತ ತುಸು ಹೆಚ್ಚು ಹಿಡಿಯುತ್ತದೆ. ತಳ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ ಸುಮಾರು ೩೨ ಮೀಟರು. ಗಂಟೆಗೆ ನೂರು ಕಿಲೋಮೀಟರಿಗೂ ಹೆಚ್ಚು. ಅರ್ಧ ಸೆಕೆಂಡು ಬಾಯಿ ತೆರೆದಿಟ್ಟರೆ ಅಲ್ಲಿಯ ಒಂದು ಹನಿ ಸುಮಾರು ೧೫ ಮೀಟರು ಉದ್ದದ ಗೆರೆಯಾಗುತ್ತದೆ. ಅದು ರೇಶಿಮೆ. ೧/೧೦೦೦ ಸೆಕೆಂಡಿಗೆ ಇಳಿಸಿದರೆ ಮೂರು ಸೆಂಟಿಮೀಟರು ಮಾತ್ರ ಸರಿದು, ನೀರು ಗಾಜಿನ ಚೂರುಗಳಂತೆ ಗಾಳಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಅದೂ ನನಗೆ ಸೇರದು. ೧/೨೫೦ರ ಸುಮಾರಿಗೆ ಇಟ್ಟರೆ ಆ ಹನಿ ಒಂದು ಗೇಣಿಗೂ ಕಡಿಮೆ ಜಾರುತ್ತದೆ. ಚೂರೂ ಅಲ್ಲ, ಹೊಗೆಯೂ ಅಲ್ಲ, ಜಗ್ಗುವ ಭಾರ. ಮೇಲಿನ ಬಾಗಿನಲ್ಲಿ ನೀರಿನ ವೇಗ ಕಡಿಮೆಯಿರುವುದರಿಂದ ಅಲ್ಲಿಗೆ ೧/೬೦ ಸಾಕಾದೀತು. ಒಂದೇ ಜಲಪಾತದ ತಲೆಗೂ ಕಾಲಿಗೂ ಬೇರೆ ಬೇರೆ ಕಾಲಮಾನ! ಪೂರ್ತಿ ಜಲಪಾತವನ್ನು ಒಂದೇ ಏಟಿಗೆ ಹಿಡಿಯಹೋಗುವವರು ಸೋಲುವುದಕ್ಕೆ ಇದೂ ಒಂದು ಕಾರಣ.

ರೇಶಿಮೆಯ ಮೋಹ ಹೋಗಲಿ ಎನ್ನಬಹುದು. ನನಗೆ ಸಹಿಸದೆ ಹೋದದ್ದು ಬಣ್ಣದ ಮಾತು. ಒಂದು ಸಂಸ್ಥೆಯವರು ಏರ್ಪಡಿಸಿದ ಛಾಯಾಚಿತ್ರ ಸ್ಪರ್ಧೆಗೆ ನಾನು ಗೋಕಾಕದ ಆ ಬಾಗಿನ ಚಿತ್ರವನ್ನು ಕಳಿಸಿದ್ದೆನು. ಆಗಸ್ಟ್ ತಿಂಗಳ ನೀರು. ಇಟ್ಟಿಗೆಯ ಕೆಂಪಿಗೂ ಚಹಾದ ಬಣ್ಣಕ್ಕೂ ನಡುವಿನದು. ಪರೀಕ್ಷಕರಲ್ಲಿ ಒಬ್ಬರು ಪ್ರೀತಿಯಿಂದಲೇ ಹೇಳಿದರು: “ಚಿತ್ರ ಛಲೋ ಐತಿ ತಮ್ಮಾ, ಆದರ ನೀರು ರಾಡಿ ಕಾಣಸ್ತೈತಿ. ಸ್ವಲ್ಪ ಬೆಳ್ಳಗ ಮಾಡಿ ಕಳಿಸಿದ್ದರ ಬಹುಮಾನಕ್ಕ ಬರತಿತ್ತು.” ಬಹುಮಾನ ಪಡೆದ ಚಿತ್ರವೂ ಗೋಕಾಕದ್ದೇ, ಅದೇ ಮಳೆಗಾಲದ್ದೇ. ಅದರಲ್ಲಿ ನೀರು ಹಾಲಿನಂತೆ ಇತ್ತು, ಮಡು ನೀಲಿಯಾಗಿತ್ತು.

ಬಹುಮಾನ ತಪ್ಪಿದ್ದಕ್ಕಾಗಿ ಈ ಲೇಖನ ಬರೆಯುತ್ತಿದ್ದೇನೆಂದು ಮಿತ್ರರು ನಗಬಹುದು. ನಗಲಿ, ಅದರಲ್ಲಿ ಅರ್ಧ ಸತ್ಯವೂ ಇದೆ. ಆದರೆ ಉಳಿದ ಅರ್ಧವನ್ನೂ ಕೇಳಬೇಕು. ಘಟಪ್ರಭೆ ಸಹ್ಯಾದ್ರಿಯಲ್ಲಿ ಹುಟ್ಟಿ, ಕೆಂಪು ಮಣ್ಣಿನ ಇಳಿಜಾರುಗಳನ್ನೂ ಬೆಳಗಾವಿ ಜಿಲ್ಲೆಯ ಹೊಲಗಳನ್ನೂ ತೊಳೆದುಕೊಂಡು ಬರುತ್ತಾಳೆ. ದಾರಿಯ ಮಣ್ಣು ಅವಳ ಜೊತೆಗೆ ಬರುತ್ತದೆ. ರಾಡಿ ಎಂದು ನಾವು ಅನ್ನುವುದು ಆ ಮಣ್ಣನ್ನು. ಹೊಳೆಸಾಲಿನ ರೈತನಿಗೆ ಅದು ಹೊಲಸಲ್ಲ. ಹೊಳೆ ಇಳಿದ ಮೇಲೆ ದಂಡೆಯ ಹೊಲದಲ್ಲಿ ಉಳಿಯುವ ಮೆಕ್ಕಲಿನ ಬೆಲೆ ಅವನಿಗೆ ಗೊತ್ತು. ಹಾಗೆಯೇ ಅದರ ಭಯವೂ ಗೊತ್ತು. ೨೦೧೯ರ ಆಗಸ್ಟ್ ತಿಂಗಳಲ್ಲಿ ಘಟಪ್ರಭೆಯ ಮಹಾಪೂರ ಗೋಕಾಕ ಪಟ್ಟಣಕ್ಕೂ ಮುಧೋಳ ತಾಲೂಕಿನ ಹೊಳೆಸಾಲಿನ ಊರುಗಳಿಗೂ ನುಗ್ಗಿತು. ಹೊಳೆ ಇಳಿದಾಗ ಮನೆಯ ಗೋಡೆಗಳ ಮೇಲೆ ಅದು ಒಂದು ಗೆರೆಯನ್ನು ಎಳೆದು ಹೋಗಿತ್ತು. ಗೆರೆಯ ಕೆಳಗಿನ ಬಣ್ಣವೂ ನನ್ನ ಚಿತ್ರದ ನೀರಿನ ಬಣ್ಣವೂ ಒಂದೇ. ಮನೆ ತೊಳೆದು ತೊಳೆದು ಕೈ ಸೋತ ತಾಯಂದಿರ ಮುಂದೆ ಆ ಹಾಲಿನ ಚಿತ್ರವನ್ನು ಹಿಡಿದು, ಇದು ನಿಮ್ಮ ಹೊಳೆ ಎಂದರೆ ಅವರು ಗುರುತಿಸಿಯಾರೇ?

ಇನ್ನೊಂದು ಸಂಗತಿ. ಮೊಬೈಲು ಯಾರ ಅಪ್ಪಣೆಯನ್ನೂ ಕೇಳದೆ ಸುಣ್ಣ ಬಳಿಯುತ್ತದೆಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಚೌಕಟ್ಟಿನ ತುಂಬ ಕಂದು ಬಣ್ಣವೇ ತುಂಬಿದಾಗ, ಬೆಳಕೇ ಹಳದಿಯಾಗಿದೆಯೆಂದು ಅದು ತಿಳಿದು, ಎಲ್ಲವನ್ನೂ ನೀಲಿಯ ಕಡೆಗೆ ಜಗ್ಗುತ್ತದೆ. ಹತ್ತಿರದ ಚಿತ್ರದಲ್ಲಿ ನೀರೇ ಹೆಚ್ಚಾಗಿರುವುದರಿಂದ ಈ ಪೀಡೆಯೂ ಹೆಚ್ಚು. ಇದಕ್ಕೆ ಉಪಾಯವಿದೆ: ಬಣ್ಣದ ನಿರ್ಣಯವನ್ನು ಯಂತ್ರಕ್ಕೆ ಬಿಡದೆ ಬಿಸಿಲು ಅಥವಾ ಮೋಡ ಎಂಬ ಗುರುತಿಗೆ ಕಟ್ಟಿಹಾಕಬೇಕು. ಬೆಳಕಿನ ಪ್ರಮಾಣವನ್ನೂ ಒಂದು ಮೆಟ್ಟಿಲು ಇಳಿಸಬೇಕು. ಇಲ್ಲದಿದ್ದರೆ ನೊರೆಯೊಳಗಿನ ಎಳೆಗಳೆಲ್ಲ ಸುಟ್ಟು ಬಿಳಿಯ ಕಾಗದವಾಗುತ್ತವೆ. ಮೋಡ ಕವಿದ ಹೊತ್ತೇ ಉತ್ತಮ. ತುಂತುರು ಮಸೂರದ ಮೇಲೆ ಕೂಡ್ರುತ್ತದೆ, ಹತ್ತಿಯ ಹಳೆಯ ಧೋತರದ ಚೂರೊಂದು ಕೈಯಲ್ಲಿರಲಿ. ನಮ್ಮಜ್ಜನ ಧೋತರಕ್ಕಿಂತ ಒಳ್ಳೆಯ ಬಟ್ಟೆಯನ್ನು ನಾನು ಇನ್ನೂ ಕಂಡಿಲ್ಲ.

ಯಾವಾಗ ಹೋಗಬೇಕೆಂಬ ಪ್ರಶ್ನೆಗೆ ಪಂಚಾಂಗ ನೋಡಿದರೆ ಸಾಲದು, ಹಿಡಕಲ್ಲಿನ ಜಲಾಶಯದ ಮಟ್ಟವನ್ನೂ ನೋಡಬೇಕು. ೧೯೭೭ರಲ್ಲಿ ಮುಗಿದ ಆ ಆಣೆಕಟ್ಟು ೫೧ ಟಿ.ಎಂ.ಸಿ. ನೀರನ್ನು ಹಿಡಿದಿಡಬಲ್ಲುದು. ಅದು ತುಂಬುವವರೆಗೆ ಹೊಳೆಯ ದೊಡ್ಡ ಪಾಲು ಅಲ್ಲಿಯೇ ನಿಲ್ಲುತ್ತದೆ. ತುಂಬಿ ಬಾಗಿಲು ತೆರೆದಾಗ ಜಲಪಾತಕ್ಕೆ ಜೀವ ಬರುತ್ತದೆ. ಶರಾವತಿಯ ಜೋಗದ್ದೂ ಇದೇ ಕಥೆ. ೧೯೬೪ರ ಲಿಂಗನಮಕ್ಕಿಯ ತರುವಾಯ ಅಲ್ಲಿಯೂ ನೀರು ಕೇಳಿ ಬೀಳುತ್ತದೆ. ನಮ್ಮಲ್ಲಿ ಮತ್ತೂ ಒಂದು ತಿರುವಿದೆ. ಜಲಪಾತಕ್ಕೆ ಮುಂಚೆ, ಧೂಪದಾಳದ ಒಡ್ಡಿನ ಹತ್ತಿರವೇ ಘಟಪ್ರಭಾ ಎಡದಂಡೆಯ ಕಾಲುವೆ ಹೊರಡುತ್ತದೆ. ಗಿರಣಿಯೂ ತನ್ನ ಪಾಲನ್ನು ಕೇಳುತ್ತ ಬಂದಿದೆ. ೧೮೮೫ರಲ್ಲಿ ಅದು ಸ್ಥಾಪನೆಯಾದಾಗ ಇಟ್ಟ ಹೆಸರಿನಲ್ಲಿಯೇ ನೀರಿನ ಶಕ್ತಿಯ ಮಾತಿತ್ತು. ಇವೆಲ್ಲ ತೆಗೆದುಕೊಂಡು ಉಳಿದದ್ದು ಧಬಧಬೆ.

ಒಮ್ಮೆ ನನ್ನ ಚಿತ್ರವನ್ನು ನಮ್ಮ ಕಾಕಾನಿಗೆ ತೋರಿಸಿದೆನು. ಅವನಿಗೆ ನಾಲ್ಕು ಎಕರೆ ಕಬ್ಬು, ಕಾಲುವೆಯ ನೀರು. ಬಹಳ ಹೊತ್ತು ನೋಡಿ, “ಇದು ನಮಗ ಬರೂ ನೀರಲ್ಲೋ ತಮ್ಮಾ. ನಮ್ಮದು ಮ್ಯಾಲೇ ಧೂಪದಾಳದಾಗ ತಿರಗೈತಿ. ಇದು ಉಳದದ್ದು,” ಎಂದನು. ಆಮೇಲೆ ಬಾಗಿನ ಮೇಲೆ ಬೆರಳಿಟ್ಟು, “ಉಳದದ್ದೇ ಇಷ್ಟಿದ್ದರ ಹೊಳಿ ಎಷ್ಟಿರಬೇಕು!” ಎಂದನು. ನನ್ನ ಚಿತ್ರಕ್ಕೆ ಇದಕ್ಕಿಂತ ದೊಡ್ಡ ವಿಮರ್ಶೆ ಬಂದಿಲ್ಲ. ಸೇತುವೆ, ಗಿರಣಿ, ಆಕಾಶಗಳಿದ್ದ ಇನ್ನೊಂದು ಚಿತ್ರವನ್ನೂ ಅವನಿಗೆ ತೋರಿಸಿದ್ದೆನು. ಅದನ್ನು ನೋಡಿ ಅವನು ಕೇಳಿದ್ದು, “ಬಸ್ಸಿಗೆ ಎಷ್ಟು ಕೊಟ್ಟಿ?” ಎಂದು ಮಾತ್ರ.

ಬಣ್ಣ ತಿದ್ದುವುದೇ ಪಾಪವೆಂದು ನಾನು ವಾದಿಸುತ್ತಿಲ್ಲ. ಚಿತ್ರಕಾರನು ತನಗೆ ಬೇಕಾದ ಬಣ್ಣ ಹಚ್ಚುತ್ತಾನೆ, ಅದು ಅವನ ಹಕ್ಕು. ಛಾಯಾಚಿತ್ರಗಾರನೂ ಕತ್ತರಿಸುತ್ತಾನೆ, ಕಪ್ಪು ಮಾಡುತ್ತಾನೆ, ಎತ್ತಿ ತೋರಿಸುತ್ತಾನೆ. ನಾನೂ ನೊರೆಯನ್ನು ತುಸು ಕೆಳಗೆ ತಂದಿದ್ದೇನೆ. ಆದರೆ ಊರಿನ ಹೆಸರನ್ನು ಕೆಳಗೆ ಬರೆದು, ಅದರ ನೀರನ್ನು ಬೇರೆ ಯಾವುದೋ ದೇಶದ ನೀರಿನಂತೆ ಮಾಡಿ ತೋರಿಸುವುದು ಬೇರೆ. ನಮ್ಮ ಹುಡುಗರು ಅಂಥ ಚಿತ್ರಗಳನ್ನೇ ನೋಡಿ ನೋಡಿ, ಗೋಕಾಕಕ್ಕೆ ಹೋಗಿ ನಿಂತಾಗ “ಏನೂ ಛಲೋ ಇಲ್ಲ, ಬರೇ ರಾಡಿ” ಎಂದು ಬೆನ್ನು ತಿರುಗಿಸುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ. ೧೭೧ ಅಡಿ ಹೊಳೆ ಎದುರಿಗೆ ಬೀಳುತ್ತಿರುವಾಗ!

ಈ ಚಿತ್ರವನ್ನು ಲೇಖನದ ಜೊತೆಗೆ ಸಂಪಾದಕ ಗುರುಗಳಿಗೆ ಕೊಟ್ಟಿದ್ದೇನೆ. ನಮ್ಮ ವಾರ್ಷಿಕ ಸಂಚಿಕೆಯ ಒಳಪುಟಗಳು ಕಪ್ಪು-ಬಿಳುಪು. ಬಣ್ಣಕ್ಕೆ ಖರ್ಚು ಹೆಚ್ಚೆಂದು ಅವರು ಹೇಳಿದರು. ಇಷ್ಟೆಲ್ಲ ವಾದಿಸಿದ ಕೆಂಪು ವಾಚಕರಿಗೆ ಕಾಣುವುದೇ ಇಲ್ಲವೆಂದಾಯಿತು. ಆದರೂ ಚಿಂತೆಯಿಲ್ಲ. ಕೆಂಪು ನೀರು ಮುದ್ರಣದಲ್ಲಿ ಗಟ್ಟಿ ಬೂದಿಯಾಗುತ್ತದೆ, ನೊರೆ ಅದರ ಮೇಲೆ ಬಿಳಿಯಾಗಿ ಏಳುತ್ತದೆ, ಕಲ್ಲು ಎರಡಕ್ಕಿಂತಲೂ ಕಪ್ಪಾಗಿ ನಿಲ್ಲುತ್ತದೆ. ಹಾಲಿನ ನೀರಾಗಿದ್ದರೆ ನೀರೂ ನೊರೆಯೂ ಒಂದೇ ಆಗಿ, ಬಾಗು ಎಲ್ಲಿತ್ತೆಂಬುದೇ ತಿಳಿಯುತ್ತಿರಲಿಲ್ಲ. ಬರುವ ಆಗಸ್ಟಿನಲ್ಲಿ ಹಿಡಕಲ್ ತುಂಬಿದ ಸುದ್ದಿ ಬಂದ ಮೊದಲ ಭಾನುವಾರ ನಾನು ಮಹಾಲಿಂಗಪುರದಿಂದ ಗೋಕಾಕದ ಮೊದಲ ಬಸ್ಸಿಗೆ ಹೊರಡುವವನಿದ್ದೇನೆ. ಬರುವವರು ಕ್ಯಾಮೆರಾ ತರದಿದ್ದರೂ ನಡೆಯುತ್ತದೆ, ಧೋತರದ ಚೂರೊಂದನ್ನು ಮಾತ್ರ ಮರೆಯದೆ ತರಬೇಕು.